ವಾಲ್ವ್ ಸ್ಪ್ರಿಂಗಿಗೆ ಎಷ್ಟು ಬಿಗಿ ಸಾಕು?

ಎಂಜಿನ್ನಿನ ಪವರ್ ಹೆಚ್ಚಿಸಲು ಹೊರಟವರು ದುಡ್ಡು ಸುರಿಯುವುದು ಕ್ಯಾಮ್‌ಶಾಫ್ಟಿಗೆ, ಎಕ್ಸಾಸ್ಟಿಗೆ, ಇಸಿಯು ಟ್ಯೂನಿಂಗಿಗೆ. ವಾಲ್ವ್ ಸ್ಪ್ರಿಂಗಿನ ಸರದಿ ಬರುವುದು ಎಲ್ಲ ಮುಗಿದ ಮೇಲೆ. ಆಗಲೂ ‘ಇರುವುದರಲ್ಲಿ ಗಟ್ಟಿಯಾದದ್ದು ಹಾಕಿಬಿಡಿ’ ಎಂದು ಹೇಳಿ ಕೈತೊಳೆದುಕೊಳ್ಳುತ್ತಾರೆ. ದುಬಾರಿ ಕ್ಯಾಮ್ ಸವೆದು ಹೋಗುವುದು ಎಷ್ಟೋ ಸಲ ಈ ಒಂದು ಮಾತಿನಿಂದ.

ಷೆವರ್ಲೆ ಕಾರ್ವೆಟ್ ಝಡ್06 ಕಾರನ್ನೇ ನೋಡಿ. 2001ರಲ್ಲಿ ಅದರ 5.7 ಲೀಟರ್ ಎಲ್‌ಎಸ್6 ವಿ8 ಎಂಜಿನ್ 385 ಅಶ್ವಶಕ್ತಿ ಕೊಡುತ್ತಿತ್ತು. ಮರುವರ್ಷವೇ 405ಕ್ಕೆ ಏರಿತು. ಹೊಸ ಕ್ಯಾಮ್ ವಾಲ್ವನ್ನು 14 ಮಿ.ಮೀ. ಎತ್ತುತ್ತಿತ್ತು, ಹಳೆಯದಕ್ಕಿಂತ ಅರ್ಧ ಮಿ.ಮೀ.ಗೆ ತುಸು ಮೇಲೆ. ಅದರ ಜೊತೆಗೆ ಎಂಜಿನಿಯರುಗಳು ವಾಲ್ವಿನ ತೂಕವನ್ನೂ ಇಳಿಸಿದರು. ಇನ್‌ಟೇಕ್ ವಾಲ್ವಿನ ಸ್ಟೆಮ್ ಟೊಳ್ಳಾಯಿತು, ಎಕ್ಸಾಸ್ಟ್ ವಾಲ್ವಿನ ಟೊಳ್ಳಿಗೆ ಸೋಡಿಯಂ ತುಂಬಿದರು. ಸ್ಪ್ರಿಂಗ್ ಆಯುವವರು ಮೊದಲು ಕಲಿಯಬೇಕಾದ ಪಾಠ ಇಲ್ಲಿದೆ: ತೂಕ ಇಳಿದಷ್ಟೂ ಸ್ಪ್ರಿಂಗಿನ ಕೆಲಸ ಹಗುರ.

ಕ್ಯಾಮ್ ವಾಲ್ವನ್ನು ತೆರೆಯಬಲ್ಲದು, ಮುಚ್ಚಲಾರದು. ಮುಚ್ಚುವ ಹೊಣೆ ಸ್ಪ್ರಿಂಗಿನದು. 7000 ಆರ್‌ಪಿಎಂನಲ್ಲಿ ಪ್ರತಿ ವಾಲ್ವ್ ಸೆಕೆಂಡಿಗೆ 58 ಸಲ ತೆರೆದು ಮುಚ್ಚುತ್ತದೆ. ಅದನ್ನು ಹಿಡಿತದಲ್ಲಿಡಲು ಬೇಕಾದ ಬಲ ವೇಗದ ವರ್ಗದ ಲೆಕ್ಕದಲ್ಲಿ ಏರುವುದರಿಂದ, 6000ದಿಂದ 7000 ಆರ್‌ಪಿಎಂಗೆ ಹೋದರೆ ಶೇ 36ರಷ್ಟು ಹೆಚ್ಚು ಬಲ ಬೇಕು. ಅದು ಸಾಲದಿದ್ದರೆ ವಾಲ್ವ್ ಕ್ಯಾಮಿನ ಜಾಡು ಬಿಟ್ಟು ತೇಲುತ್ತದೆ, ಸೀಟಿನ ಮೇಲೆ ಬಡಿದು ಪುಟಿಯುತ್ತದೆ. ಪವರ್ ಕುಸಿಯುತ್ತದೆ. ದುರದೃಷ್ಟವಿದ್ದರೆ ಪಿಸ್ಟನ್ ಬಂದು ವಾಲ್ವಿಗೆ ಗುದ್ದುತ್ತದೆ.

ಬಿಗಿ ಮಿತಿಮೀರಿದರೂ ಕೇಡೇ. ಕ್ಯಾಮಿನ ಲೋಬು, ಲಿಫ್ಟರುಗಳು ಸವೆಯುತ್ತವೆ, ಪುಶ್‌ರಾಡ್ ಬಳುಕುತ್ತದೆ, ಎಣ್ಣೆ ಬಿಸಿಯಾಗುತ್ತದೆ. ಆದ್ದರಿಂದ ಕ್ಯಾಮ್ ತಯಾರಕರು ಸೂಚಿಸಿದ ಅಂಕಿಯಿಂದ ಶುರುಮಾಡುವುದೇ ಸರಿ.

ನಿಜವಾದ ಕೆಲಸ ಇರುವುದು ಅಳತೆಯಲ್ಲಿ. ವಾಲ್ವ್ ಮುಚ್ಚಿದಾಗ ಸ್ಪ್ರಿಂಗ್ ಕೂರುವ ಎತ್ತರ ಎಲ್‌ಎಸ್ ಹೆಡ್ಡಿನಲ್ಲಿ ಸುಮಾರು 45.7 ಮಿ.ಮೀ. 14 ಮಿ.ಮೀ. ಲಿಫ್ಟ್ ಕಳೆದರೆ ಉಳಿಯುವುದು 31.7. ಸ್ಪ್ರಿಂಗಿನ ಸುರುಳಿಗಳು ಒಂದಕ್ಕೊಂದು ಪೂರ್ತಿ ಅಂಟಿಕೊಳ್ಳುವ ಎತ್ತರ ಇದಕ್ಕಿಂತ ಕನಿಷ್ಠ ಒಂದೂವರೆ ಮಿ.ಮೀ. ಕೆಳಗಿರಬೇಕು. ರಿಟೇನರ್ ಹೋಗಿ ವಾಲ್ವ್ ಸೀಲಿಗೆ ತಾಗುತ್ತದೆಯೇ ಎಂಬುದನ್ನೂ ನೋಡಬೇಕು. ಅವಸರದಲ್ಲಿ ಬಿಟ್ಟುಹೋಗುವ ಪರೀಕ್ಷೆ ಇದು. ಮಿಲಿಮೀಟರಿಗೆ 6 ಕೆ.ಜಿ. ಬಲ ಏರುವ ಸ್ಪ್ರಿಂಗ್ ಎಂದುಕೊಳ್ಳಿ. ಮುಚ್ಚಿದಾಗ 57 ಕೆ.ಜಿ. ಇದ್ದರೆ ಪೂರ್ತಿ ತೆರೆದಾಗ 141 ಕೆ.ಜಿ. ಲೇತ್ ಅಂಗಡಿಯಲ್ಲಿ ವಾಲ್ವ್ ಸೀಟ್ ಕತ್ತರಿಸುವಾಗ ಒಂದು ಮಿ.ಮೀ. ಒಳಗಿಳಿದರೆ, ವಾಲ್ವ್ ಹೆಡ್ಡಿನ ಮೇಲೆ ಅಷ್ಟೇ ಎತ್ತರಕ್ಕೆ ಚಾಚಿ, ಸೀಟಿನ ಮೇಲಿನ ಒತ್ತಡ ಆ 6 ಕೆ.ಜಿ.ಯಷ್ಟು ಬಿದ್ದುಹೋಗುತ್ತದೆ. ಹೊಸ ಸ್ಪ್ರಿಂಗ್ ಹಾಕಿಯೂ ಹಳೆಯದರಷ್ಟೇ ಬಲ! ಆದ್ದರಿಂದ ಹದಿನಾರೂ ವಾಲ್ವುಗಳನ್ನು ಬಿಡಿಬಿಡಿಯಾಗಿ ಅಳೆದು, ಎತ್ತರ ಹೆಚ್ಚಾದ ಕಡೆ ತೆಳು ಶಿಮ್ ಕೊಟ್ಟು ಸರಿದೂಗಿಸಬೇಕು.

ಇನ್ನು ಆಕಾರ. ಸುರುಳಿಗೂ ತನ್ನದೇ ಕಂಪನವಿದೆ. ಯಾವುದೋ ಒಂದು ವೇಗದಲ್ಲಿ ಅದು ಎಂಜಿನ್ನಿನ ಕಂಪನದೊಡನೆ ಕೂಡಿಕೊಂಡರೆ ಸ್ಪ್ರಿಂಗಿನ ಬಲ ಏರುಪೇರಾಗುತ್ತದೆ. ಮೇಲೆ ಕಿರಿದಾಗುವ ಜೇನುಗೂಡಿನ ಆಕಾರದ ಸ್ಪ್ರಿಂಗಿನಲ್ಲಿ ಸುರುಳಿಗಳ ವ್ಯಾಸ ಬೇರೆ ಬೇರೆಯಾದ್ದರಿಂದ ಕಂಪನ ಒಂದೇ ಕಡೆ ಕೂಡಿಬರುವುದಿಲ್ಲ. ಮೇಲಿನ ರಿಟೇನರೂ ಚಿಕ್ಕದು, ಹಗುರ. ಜೋಡಿ ಸ್ಪ್ರಿಂಗಿನಲ್ಲಿ ಒಳಗಿನದನ್ನು ಎದುರು ದಿಕ್ಕಿಗೆ ಸುತ್ತಿರುತ್ತಾರೆ, ಸುರುಳಿಗಳು ಒಂದರೊಳಗೊಂದು ಸಿಕ್ಕಿಕೊಳ್ಳದಿರಲೆಂದು. ಒಂದು ಮುರಿದರೂ ಇನ್ನೊಂದು ವಾಲ್ವನ್ನು ಸಿಲಿಂಡರಿಗೆ ಬೀಳದಂತೆ ತಡೆಯಬಲ್ಲದು. ಬೀದಿಯಲ್ಲೂ ಓಡುವ ಕಾರಿಗೆ, ಲಿಫ್ಟ್ ವಿಪರೀತವಿಲ್ಲದಿದ್ದರೆ, ನನ್ನ ಆಯ್ಕೆ ಜೇನುಗೂಡಿನದು. ಲಿಫ್ಟೂ ಆರ್‌ಪಿಎಂ ಕೂಡ ಬಹಳ ಮೇಲೇರಿದರೆ ಜೋಡಿಯೇ ಬೇಕು. ಫಾರ್ಮುಲಾ ಒನ್‌ನವರು ಈ ಕಂಪನದ ಕಾಟಕ್ಕೇ ಉಕ್ಕಿನ ಸುರುಳಿಯನ್ನು ಬಿಟ್ಟರು. 1986ರಲ್ಲಿ ರೆನೋ ತನ್ನ ಟರ್ಬೊ ಎಂಜಿನ್ನಿಗೆ ಒತ್ತಿದ ಅನಿಲದ ಸ್ಪ್ರಿಂಗ್ ತಂದಿತು.

ಹೊಸ ಸ್ಪ್ರಿಂಗ್ ಮೊದಲ ಸಲ ಚೆನ್ನಾಗಿ ಕಾದು ತಣಿದಾಗ ತುಸು ಬಿಗಿ ಕಳೆದುಕೊಳ್ಳುತ್ತದೆ, ಅದು ಸಹಜ. ಎಂಜಿನ್ನನ್ನು ಮೊದಲು ಮೆಲ್ಲನೆ ಓಡಿಸಿ, ಪೂರ್ತಿ ತಣ್ಣಗಾಗಲು ಬಿಟ್ಟು, ಆಮೇಲೆ ಒತ್ತಡ ಅಳೆದು ಬರೆದಿಟ್ಟುಕೊಳ್ಳಿ. ಮುಂದಿನ ಸಲ ಹೆಡ್ ಕವರ್ ತೆಗೆದಾಗ ಯಾವುದಾದರೂ ಒಂದು ಉಳಿದವುಗಳಿಗಿಂತ ಎದ್ದುಕಾಣುವಷ್ಟು ಸಡಿಲವಾಗಿದ್ದರೆ ಇಡೀ ಸೆಟ್ಟನ್ನೇ ಬದಲಿಸಿ.