ಮೂಲೆಯ ಹುಡುಗರ ಹಾಡು

ಸುಮಾರು ಹದಿನೆಂಟು ವರ್ಷಗಳ ಹಿಂದಿನ ಮಾತು. ಒಂಬತ್ತನೆಯ ತರಗತಿಗೆ ನಾನು ಶಬ್ದದ ಪಾಠ ಮಾಡುತ್ತಿದ್ದೆ. ಆವೃತ್ತಿ, ಪಾರ, ತರಂಗದೂರ ಎಂದು ಕರಿಹಲಗೆಯ ಮೇಲೆ ಬರೆಯುತ್ತಿರುವಾಗ ಹಿಂದಿನ ಬೆಂಚಿನಿಂದ ಟಕಟಕ ಸದ್ದು. ಹುಡುಗನೊಬ್ಬ ಕಂಪಾಸ್ ಬಾಕ್ಸಿನ ಮೇಲೆ ಎರಡೂ ಕೈಯ ಬೆರಳುಗಳಿಂದ ತಾಳ ಹಾಕುತ್ತಿದ್ದ. ಮೂರು ಸಲ ಎಚ್ಚರಿಸಿದೆ. ನಾಲ್ಕನೆಯ ಸಲ ಎಬ್ಬಿಸಿ ಮೂಲೆಯಲ್ಲಿ ನಿಲ್ಲಿಸಿದೆ. ಆ ವರ್ಷವಿಡೀ ಅವನು ಮೂಲೆಯಲ್ಲಿ ನಿಂತ ದಿನಗಳೇ ಹೆಚ್ಚು. ಮರುವರ್ಷ ಎಸ್ಸೆಸ್ಸೆಲ್ಸಿಗೆ ಅವನು ಬರಲೇ ಇಲ್ಲ. ಶಬ್ದದ ಪಾಠ ಮಾಡುತ್ತಲೇ ಶಬ್ದ ಮಾಡಿದ ಹುಡುಗನನ್ನು ಶಿಕ್ಷಿಸುತ್ತಿದ್ದೇನೆ ಎಂಬುದು ಅಂದು ನನಗೆ ಹೊಳೆಯಲಿಲ್ಲ.

ಇದು ಮತ್ತೆ ನೆನಪಾದದ್ದು ಬೇಸಿಗೆ ರಜೆಯಲ್ಲಿ. ಊರಿಗೆ ಬಂದಿದ್ದ ತಂಗಿಯ ಮಗ ಮೊಬೈಲಿನಲ್ಲಿ ಒಂದು ಹಾಡು ಹಾಕಿ, ‘ಮಾವ, ಇದು ಕೇಳಿ. ಲಂಡನ್ನಿನದು, ಗ್ರೈಮ್ ಅಂತಾರೆ’ ಎಂದ. ಒಂದು ನಿಮಿಷ ಕೇಳಿ, ‘ಇದೇನು ಹಾಡೋ ಜಗಳವೋ?’ ಎಂದೆ. ಅವನು ನಕ್ಕ. ‘ಇವನನ್ನೂ ಸ್ಕೂಲಲ್ಲಿ ಹೊರಗೆ ಹಾಕಿದ್ರು ಮಾವ. ಇವನ ಮೊದಲನೇ ಆಲ್ಬಂ ಹೆಸರೇ ಮೂಲೇಲಿರೋ ಹುಡುಗ ಅಂತ.’

ಆ ಮಾತು ಎಲ್ಲೋ ಚುಚ್ಚಿತು. ಈ ಮೂಲೆಯ ಹುಡುಗ ಯಾರೆಂದು ತಿಳಿಯಬೇಕೆನಿಸಿತು. ಓದಿದೆ, ಕೇಳಿದೆ. ತಿಳಿದದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇನೆ.

ಹಡಗಿನಲ್ಲಿ ಬಂದ ಬೀಜ

ಗ್ರೈಮ್ ಎಂದರೆ ಇಂಗ್ಲಿಷಿನಲ್ಲಿ ಕೊಳೆ, ಮಸಿ, ಜಿಡ್ಡು. ಈ ಮಸಿಯ ಬೇರು ಹುಡುಕಲು 1948ಕ್ಕೆ ಹೋಗಬೇಕು. ಆ ವರ್ಷ ಜೂನ್ ತಿಂಗಳಲ್ಲಿ ‘ಎಂಪೈರ್ ವಿಂಡ್‌ರಷ್’ ಎಂಬ ಹಡಗು ಜಮೈಕಾ ಮೊದಲಾದ ಕೆರೀಬಿಯನ್ ದ್ವೀಪಗಳಿಂದ ನೂರಾರು ಜನರನ್ನು ಹೊತ್ತು ಲಂಡನ್ ಸಮೀಪದ ಟಿಲ್‌ಬರಿ ಬಂದರಿಗೆ ಬಂತು. ಯುದ್ಧದಿಂದ ಜರ್ಜರಿತವಾಗಿದ್ದ ಬ್ರಿಟನ್ನಿಗೆ ದುಡಿಯುವ ಕೈಗಳು ಬೇಕಾಗಿದ್ದವು. ಹಾಗೆ ಬಂದವರು ತಮ್ಮೊಂದಿಗೆ ‘ಸೌಂಡ್ ಸಿಸ್ಟಂ’ ಎಂಬ ಪದ್ಧತಿಯನ್ನೂ ತಂದರು. ದೊಡ್ಡ ದೊಡ್ಡ ಸ್ಪೀಕರ್ ಪೆಟ್ಟಿಗೆಗಳನ್ನು ಬೀದಿಯಲ್ಲೋ ಸಭಾಂಗಣದಲ್ಲೋ ಜೋಡಿಸಿ, ಗಾನತಟ್ಟೆ ಹಾಕಿ, ಅದರ ಮೇಲೆ ಒಬ್ಬ ಮೈಕು ಹಿಡಿದು ಲಯಬದ್ಧವಾಗಿ ಮಾತಾಡುವುದು ಅದರ ರೀತಿ.

ಇದೇ ಬೀಜ ಅಮೆರಿಕಕ್ಕೂ ಹಾರಿತು. 1973ರಲ್ಲಿ ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ಹಿಪ್ ಹಾಪ್ ಹುಟ್ಟಿತೆಂದು ಹೇಳುತ್ತಾರಲ್ಲ, ಅದಕ್ಕೆ ಕಾರಣಕರ್ತನೆನಿಸಿದ ಡಿಜೆ ಕೂಲ್ ಹರ್ಕ್ ಕೂಡ ಜಮೈಕಾದಲ್ಲಿ ಹುಟ್ಟಿದವನೇ. ಹಿಪ್ ಹಾಪ್ ಎಂಬತ್ತರ ದಶಕದಲ್ಲಿ ಬ್ರಿಟನ್ನಿಗೆ ಬಂದಾಗ ಅಲ್ಲಿನ ಹುಡುಗರು ಮೊದಮೊದಲು ಅಮೆರಿಕದವರಂತೆ ನಾಲಗೆ ಹೊರಳಿಸಿದರು. ‘ಲಂಡನ್ ಪೋಸ್’ನಂಥ ತಂಡಗಳು ತಮ್ಮ ಬೀದಿಯ ಉಚ್ಚಾರಣೆಯಲ್ಲೇ ಹಾಡಿ ತೋರಿಸಿದವು. ಎರವಲು ನಾಲಗೆ ಬಿಟ್ಟು ಸ್ವಂತ ನಾಲಗೆಗೆ ಮರಳಿದಾಗಲೇ ಬ್ರಿಟಿಷ್ ಹಿಪ್ ಹಾಪ್‌ಗೆ ಜೀವ ಬಂತು. ಇಂಗ್ಲೆಂಡಿನ ಕವೆಂಟ್ರಿಯ ಪಂಜಾಬಿ ಎಂಸಿ ಅಪ್ಪಟ ಪಂಜಾಬಿ ಹಾಡನ್ನೇ ಹಿಪ್ ಹಾಪ್ ತಾಳಕ್ಕೆ ಕೂರಿಸಿ 2003ರಲ್ಲಿ ಬ್ರಿಟನ್ನಿನ ಜನಪ್ರಿಯ ಹಾಡುಗಳ ಮೊದಲ ಐದರೊಳಗೆ ಸೇರಿಸಿದ.

ಅದೇ ಸುಮಾರಿಗೆ, ಈ ಶತಮಾನದ ಆರಂಭದಲ್ಲಿ, ಪೂರ್ವ ಲಂಡನ್ನಿನ ಬೋ ಎಂಬ ಬಡಾವಣೆಯ ಸುತ್ತಮುತ್ತ ಗ್ರೈಮ್ ಹುಟ್ಟಿತು. ಕೂಗಳತೆಯಲ್ಲಿ ಕ್ಯಾನರಿ ವಾರ್ಫ್‌ನ ಬ್ಯಾಂಕುಗಳ ಗಾಜಿನ ಗೋಪುರಗಳು. ಇತ್ತ ಬಡವರಿಗಾಗಿ ಸರ್ಕಾರ ಕಟ್ಟಿಸಿದ ಬಹುಮಹಡಿ ವಸತಿಗಳು. ಗೋಪುರಗಳ ದೀಪ ನೋಡುತ್ತಾ ಬೆಳೆದ, ಆದರೆ ಅದರೊಳಗೆ ಕಾಲಿಡುವ ಭರವಸೆಯಿಲ್ಲದ ಹುಡುಗರು ಈ ಸಂಗೀತ ಕಟ್ಟಿದರು.

ಛಾವಣಿಯ ಮೇಲಿನ ಕಳ್ಳ ಬಾನುಲಿ

ಇವರ ಹಾಡನ್ನು ಯಾವ ದೊಡ್ಡ ಕಂಪನಿಯೂ ಕೇಳಲಿಲ್ಲ. ಹಾಗಾಗಿ ಇವರು ಪರವಾನಗಿಯಿಲ್ಲದ ಎಫ್‌ಎಂ ಕೇಂದ್ರಗಳನ್ನು, ಅಂದರೆ ‘ಪೈರೇಟ್ ರೇಡಿಯೊ’ಗಳನ್ನು ಆಶ್ರಯಿಸಿದರು. ವಿದ್ಯಾರ್ಥಿಗಳೇ, ಇಲ್ಲಿ ಸ್ವಲ್ಪ ಭೌತಶಾಸ್ತ್ರ ಇದೆ. ಎಫ್‌ಎಂ ಅಲೆಗಳು ಹೆಚ್ಚುಕಡಿಮೆ ನೇರವಾಗಿ ಸಾಗುತ್ತವೆ. ಭೂಮಿಯ ಬಾಗುವಿಕೆ ಅವುಗಳಿಗೆ ಅಡ್ಡ. ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು, ಅದರ ವರ್ಗಮೂಲವನ್ನು 3.57ರಿಂದ ಗುಣಿಸಿದರೆ ದಿಗಂತದ ದೂರ ಕಿಲೊಮೀಟರಿನಲ್ಲಿ ಸಿಗುತ್ತದೆ. ನೆಲದಿಂದ 2 ಮೀಟರ್ ಎತ್ತರದಲ್ಲಿ ಏರಿಯಲ್ ಇಟ್ಟರೆ 5 ಕಿಲೊಮೀಟರ್. ಇಪ್ಪತ್ತು ಮಹಡಿಯ ಕಟ್ಟಡದ ತುದಿಯಲ್ಲಿ, ಅಂದರೆ ಸುಮಾರು 60 ಮೀಟರ್ ಎತ್ತರದಲ್ಲಿ ಇಟ್ಟರೆ 27 ಕಿಲೊಮೀಟರಿಗೂ ಹೆಚ್ಚು! ಬಡವರನ್ನು ಒಂದರ ಮೇಲೊಂದು ಪೇರಿಸಲು ಕಟ್ಟಿದ ಕಟ್ಟಡಗಳೇ ಆ ಬಡವರ ಮಕ್ಕಳಿಗೆ ಪ್ರಸಾರದ ಗೋಪುರಗಳಾದವು.

ಅಧಿಕಾರಿಗಳು ಬಂದು ಛಾವಣಿಯ ಯಂತ್ರ ಕಿತ್ತೊಯ್ದರೂ ಸ್ಟುಡಿಯೊ ಸಿಗಬಾರದೆಂದು ಅದನ್ನು ಬೇರೆ ಕಟ್ಟಡದಲ್ಲಿ ಇಟ್ಟು ಮೈಕ್ರೋವೇವ್ ಸಂಪರ್ಕ ಕೊಡುತ್ತಿದ್ದುದೂ ಉಂಟು. ಡಿಜೆ ಸ್ಲಿಮ್ಝಿ ಎಂಬಾತನಿಗೆ ತನ್ನ ಪ್ರದೇಶದ ಕಟ್ಟಡಗಳ ಛಾವಣಿ ಹತ್ತಕೂಡದೆಂದು 2005ರಲ್ಲಿ ನಿರ್ಬಂಧವನ್ನೇ ಹೇರಲಾಯಿತು. ಪರವಾನಗಿಯಿಲ್ಲದ ಪ್ರಸಾರ ಅಪರಾಧವೇ ಸರಿ. ಅದು ತುರ್ತುಸೇವೆಗಳ ಸಂಪರ್ಕಕ್ಕೆ ಅಡ್ಡಿ ಮಾಡಬಲ್ಲದು. ಆದರೆ 1994ರಲ್ಲಿ ಹೀಗೆ ಕದ್ದುಮುಚ್ಚಿ ಶುರುವಾದ ‘ರಿನ್ಸ್ ಎಫ್‌ಎಂ’ಗೆ 2010ರಲ್ಲಿ ಸರ್ಕಾರಿ ಪರವಾನಗಿಯೇ ಸಿಕ್ಕಿತು ಎಂಬುದು ಸೋಜಿಗದ ಸಂಗತಿ.

ನಿಮಿಷಕ್ಕೆ 140 ಬಡಿತ

ಗ್ರೈಮ್‌ನ ತಾಳ ಸಾಮಾನ್ಯವಾಗಿ ನಿಮಿಷಕ್ಕೆ 140 ಬಡಿತ. ಸುಮ್ಮನೆ ಕುಳಿತವನ ಹೃದಯ ಸುಮಾರು 72 ಸಲ ಬಡಿಯುತ್ತದೆ. ಓಡುತ್ತಿರುವವನದು 140ಕ್ಕೆ ಏರುತ್ತದೆ. ಈ ಸಂಗೀತ ಕೇಳುವಾಗ ಯಾರೋ ಅಟ್ಟಿಸಿಕೊಂಡು ಬಂದಂತೆ ಅನಿಸುವುದು ಸಹಜವೇ. ಹಾಡುಗಾರನಿಗೆ ಸಿಗುವುದು ಹದಿನಾರು ಆವರ್ತ. ಒಂದೊಂದರಲ್ಲಿ ನಾಲ್ಕು ಬಡಿತ, ಒಟ್ಟು 64. ಲೆಕ್ಕ ಹಾಕಿ ನೋಡಿ: ಸುಮಾರು 27 ಸೆಕೆಂಡು. ಅಷ್ಟರಲ್ಲಿ ಅವನು ಪ್ರಾಸ ತಪ್ಪದೆ, ಉಸಿರು ಕಟ್ಟದೆ, ಎದುರಾಳಿಗೆ ಉತ್ತರ ಕೊಟ್ಟು ಮೈಕನ್ನು ಮುಂದಿನವನಿಗೆ ದಾಟಿಸಬೇಕು. ನಮ್ಮ ಉತ್ತರ ಕರ್ನಾಟಕದ ಹರದೇಶಿ–ನಾಗೇಶಿ ಗೀಗೀ ಮೇಳಗಳ ಸವಾಲ್ ಜವಾಬ್ ಕೇಳಿದವರಿಗೆ ಇದರ ಬಿಸಿ ಸುಲಭವಾಗಿ ಅರ್ಥವಾದೀತು.

ಇನ್ನು ವಾದ್ಯ? ದುಬಾರಿ ಸ್ಟುಡಿಯೊ ಇಲ್ಲ. ಮನೆಯ ಕಂಪ್ಯೂಟರಿನಲ್ಲಿ ‘ಫ್ರೂಟಿ ಲೂಪ್ಸ್’ ಎಂಬ ತಂತ್ರಾಂಶ, ಕೆಲವರಿಗೆ ಆಟವಾಡುವ ಪ್ಲೇಸ್ಟೇಷನ್ನೇ ಗತಿ. ಗ್ರೈಮ್‌ನ ಜನಕನೆಂದು ಹೆಸರಾದ ವೈಲಿ 2002ರಲ್ಲಿ ಹೊರತಂದ ‘ಎಸ್ಕಿಮೊ’ ಎಂಬ ವಾದ್ಯಸಂಗೀತದಲ್ಲಿ ಹಿಮದಂತೆ ತಣ್ಣಗಿನ, ಟೊಳ್ಳು ಸದ್ದುಗಳಷ್ಟೇ ಇವೆ. ಆ ಬಡತನವೇ ಒಂದು ಶೈಲಿಯಾಯಿತು.

ಒಬ್ಬ ಹುಡುಗ, ಒಬ್ಬ ಮೇಷ್ಟರು

ಈಗ ಆ ಮೂಲೆಯ ಹುಡುಗನ ಕಥೆ. ಹೆಸರು ಡಿಲನ್ ಮಿಲ್ಸ್. ಜಗತ್ತಿಗೆ ಡಿಝಿ ರಾಸ್ಕಲ್. ತಂದೆ ಚಿಕ್ಕಂದಿನಲ್ಲೇ ತೀರಿಕೊಂಡರು. ಘಾನಾ ಮೂಲದ ತಾಯಿ ಒಬ್ಬರೇ ಸಾಕಿದರು. ಒಂದಾದ ಮೇಲೊಂದು ಶಾಲೆಯಿಂದ ಹುಡುಗನನ್ನು ಹೊರಹಾಕಲಾಯಿತು. ಕೊನೆಗೆ ಸೇರಿದ ಲ್ಯಾಂಗ್ಡನ್ ಪಾರ್ಕ್ ಶಾಲೆಯಲ್ಲೂ ಉಳಿದ ತರಗತಿಗಳಿಗೆ ಅವನಿಗೆ ಪ್ರವೇಶವಿರಲಿಲ್ಲ. ಬಾಗಿಲು ತೆರೆದಿದ್ದದ್ದು ಸಂಗೀತದ ಕೋಣೆ ಒಂದೇ. ಅಲ್ಲಿನ ಮೇಷ್ಟರು ಶಾಲೆಯ ಕಂಪ್ಯೂಟರನ್ನು ಅವನ ಕೈಗೆ ಕೊಟ್ಟು, ಅವನ ಪಾಡಿಗೆ ಕೆಲಸ ಮಾಡಲು ಬಿಟ್ಟರು.

2003ರಲ್ಲಿ ಅವನ ‘ಬಾಯ್ ಇನ್ ಡ ಕಾರ್ನರ್’ ಬಿಡುಗಡೆಯಾಯಿತು. ಅದರ ರಕ್ಷಾಪುಟದಲ್ಲಿ ಹಳದಿ ಗೋಡೆಗಳ ನಡುವೆ ಒಬ್ಬ ಹುಡುಗ ಮೂಲೆಯಲ್ಲಿ ಕುಳಿತಿದ್ದಾನೆ. ಅದೇ ಸೆಪ್ಟೆಂಬರಿನಲ್ಲಿ ಬ್ರಿಟನ್ ಮತ್ತು ಐರ್ಲೆಂಡಿನ ವರ್ಷದ ಅತ್ಯುತ್ತಮ ಆಲ್ಬಮ್ಮಿಗೆ ಕೊಡುವ ಮರ್ಕ್ಯುರಿ ಪ್ರಶಸ್ತಿ ಅದಕ್ಕೆ ಬಂತು. ಆಗ ಅವನಿಗೆ ಹದಿನೆಂಟು ವರ್ಷ! 2012ರಲ್ಲಿ ಬೋ ಪಕ್ಕದ ಸ್ಟ್ರಾಟ್‌ಫರ್ಡಿನಲ್ಲೇ ಒಲಿಂಪಿಕ್ಸ್ ಉದ್ಘಾಟನೆಯಾದಾಗ ಅವನು ವೇದಿಕೆಯ ಮೇಲಿದ್ದ.

ಆ ಚಿತ್ರ ನೋಡಿದಾಗ ನನಗೆ ಕಂಪಾಸ್ ಬಾಕ್ಸಿನ ಹುಡುಗ ಕಂಡ. ನಾನು ಅವನಿಗೆ ಮೂಲೆ ಕೊಟ್ಟೆ. ಲಂಡನ್ನಿನ ಆ ಮೇಷ್ಟರು ಮೂಲೆಯಲ್ಲಿದ್ದವನಿಗೆ ಕಂಪ್ಯೂಟರ್ ಕೊಟ್ಟರು. ನಮ್ಮ ಶಾಲೆಯಲ್ಲಿ ಆಗ ಕಂಪ್ಯೂಟರ್ ಇರಲಿಲ್ಲ, ನಿಜ. ಆದರೆ ಒಂದು ಶ್ರುತಿಕವೆ, ಒಂದು ತಂತಿ, ನೀರು ತುಂಬಿದ ನಾಲ್ಕು ಗ್ಲಾಸು ನನ್ನ ಬಳಿಯೂ ಇದ್ದವಲ್ಲ?

ಸಂಪಾದಿಸಿದ್ದು, ಹಂಚಿದ್ದು

ನಡುವೆ ಕೆಲವು ವರ್ಷ ಗ್ರೈಮ್ ಮಂಕಾಯಿತು. ಹಣದಾಸೆಗೆ ಕೆಲವರು ತೆಳು ನೃತ್ಯಗೀತೆಗಳತ್ತ ಹೊರಳಿದರು. ಮತ್ತೆ ಎಚ್ಚರಿಸಿದ್ದು 2014ರಲ್ಲಿ ಸ್ಕೆಪ್ಟಾ. ಕೇವಲ 80 ಪೌಂಡ್ ಖರ್ಚಿನಲ್ಲಿ ತಯಾರಿಸಿದ ಅವನ ‘ದಟ್ಸ್ ನಾಟ್ ಮಿ’ ವೀಡಿಯೊ ‘ಮೋಬೊ’ ಪ್ರಶಸ್ತಿ ಗೆದ್ದಿತು. 2016ರಲ್ಲಿ ಅವನ ‘ಕೊನ್ನಿಚಿವಾ’ ಆಲ್ಬಮ್ಮಿಗೆ ಮರ್ಕ್ಯುರಿ ಬಂದಾಗ ಸ್ಪರ್ಧೆಯಲ್ಲಿ ಡೇವಿಡ್ ಬೋವಿಯ ಕೊನೆಯ ಆಲ್ಬಮ್ಮೂ ಇತ್ತು.

ಆಮೇಲೆ ಬಂದವನು ದಕ್ಷಿಣ ಲಂಡನ್ನಿನ ಸ್ಟಾರ್ಮ್ಝಿ. ಹಾಡಿನಿಂದ ಹೊಟ್ಟೆ ತುಂಬುವ ಮುನ್ನ ತೈಲ ಶುದ್ಧೀಕರಣ ಘಟಕವೊಂದರಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸದಲ್ಲಿದ್ದವನು. 2017ರಲ್ಲಿ ಅವನದು ಬ್ರಿಟನ್ನಿನ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇರಿದ ಮೊದಲ ಗ್ರೈಮ್ ಆಲ್ಬಮ್ಮಾಯಿತು. 2019ರಲ್ಲಿ ಗ್ಲಾಸ್ಟನ್‌ಬರಿ ಉತ್ಸವದ ಮುಖ್ಯ ವೇದಿಕೆಯಲ್ಲಿ, ಚೂರಿ ಇರಿತದಿಂದ ರಕ್ಷಿಸುವ ಅಂಗಿಯ ಮೇಲೆ ಬ್ರಿಟಿಷ್ ಬಾವುಟ ಬಿಡಿಸಿಕೊಂಡು ನಿಂತು ಹಾಡಿದ. ಪಾಲಕರು ಗಮನಿಸಬೇಕಾದ್ದು ಇನ್ನೊಂದಿದೆ. 2018ರಲ್ಲಿ ಆತ ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಕಪ್ಪುವರ್ಣೀಯ ವಿದ್ಯಾರ್ಥಿಗಳಿಗಾಗಿ ವಿದ್ಯಾರ್ಥಿವೇತನ ಆರಂಭಿಸಿದ. ಮೊದಲಿಗೆ ವರ್ಷಕ್ಕೆ ಇಬ್ಬರ ಬೋಧನಾ ಶುಲ್ಕ ಮತ್ತು ಜೀವನವೆಚ್ಚ. 2021ರಲ್ಲಿ ಬ್ಯಾಂಕೊಂದು ಕೈಜೋಡಿಸಿ ಇನ್ನೂ ಮೂವತ್ತು ಮಂದಿಗೆ ನೆರವು ಘೋಷಿಸಿತು.

ಹೆತ್ತವರ ಆತಂಕ

‘ಮೇಷ್ಟ್ರೇ, ಬೈಗುಳ, ಚೂರಿ, ಗುಂಪು ಜಗಳ ಇವೇ ತುಂಬಿರುವ ಹಾಡನ್ನು ಮಕ್ಕಳು ಕೇಳಬೇಕೇ?’ ಎಂದು ನೀವು ಕೇಳಬಹುದು. ಆತಂಕ ನ್ಯಾಯವಾದದ್ದೇ. ಅನೇಕ ಹಾಡುಗಳು ಚಿಕ್ಕವರು ಕೇಳತಕ್ಕವಲ್ಲ. ಹಾಡುಗಾರರೂ ದೇವರಲ್ಲ. ವೈಲಿಗೆ ಕೊಟ್ಟಿದ್ದ ರಾಜ ಗೌರವವನ್ನು ಯಹೂದಿ ವಿರೋಧಿ ಬರಹಗಳ ಕಾರಣಕ್ಕೆ 2024ರಲ್ಲಿ ಹಿಂತೆಗೆದುಕೊಂಡರು. ಡಿಝಿ ರಾಸ್ಕಲ್‌ಗೂ 2022ರಲ್ಲಿ ಹಲ್ಲೆ ಪ್ರಕರಣವೊಂದರಲ್ಲಿ ಶಿಕ್ಷೆಯಾಯಿತು. ಪ್ರತಿಭೆ ಬೇರೆ, ನಡತೆ ಬೇರೆ.

ಆದರೆ ಬಾಯಿ ಮುಚ್ಚಿಸಿದರೆ ರೋಗ ವಾಸಿಯಾದೀತೇ? ಲಂಡನ್ ಪೊಲೀಸರು 2005ರಲ್ಲಿ ‘ಫಾರಂ 696’ ಜಾರಿಗೆ ತಂದರು. ಕಾರ್ಯಕ್ರಮ ನಡೆಸುವವರು ಕಲಾವಿದರ ವಿವರ ಕೊಡಬೇಕು. ಆರಂಭದ ನಮೂನೆಯಲ್ಲಿ ಯಾವ ಬಗೆಯ ಸಂಗೀತ, ಬರುವವರು ಯಾವ ಜನಾಂಗದವರು ಎಂಬ ಪ್ರಶ್ನೆಗಳೂ ಇದ್ದವು. ಎಷ್ಟೋ ಗ್ರೈಮ್ ಕಾರ್ಯಕ್ರಮಗಳಿಗೆ ಇದರಿಂದ ಕುತ್ತಾಯಿತೆಂದು ಕಲಾವಿದರು ದೂರಿದರು. ಕೊನೆಗೆ 2017ರ ನವೆಂಬರಿನಲ್ಲಿ ಪೊಲೀಸರೇ ಅದನ್ನು ಕೈಬಿಟ್ಟರು. ಶಿಕಾಗೊದಿಂದ ಬಂದು ಲಂಡನ್ನಿನಲ್ಲಿ ಬೇರೂರಿದ, ಇನ್ನಷ್ಟು ಕರಾಳವಾದ ‘ಡ್ರಿಲ್’ ಹಾಡುಗಳ ಸುಮಾರು ಮೂವತ್ತು ವೀಡಿಯೊಗಳನ್ನು 2018ರಲ್ಲಿ ಪೊಲೀಸರ ಕೋರಿಕೆಯಂತೆ ಯೂಟ್ಯೂಬ್ ತೆಗೆದುಹಾಕಿತು. ಜ್ವರ ಬಂದಾಗ ಥರ್ಮಾಮೀಟರ್ ಒಡೆಯುವುದೋ, ಔಷಧ ಕೊಡುವುದೋ ಎಂಬ ಚರ್ಚೆ ಅಲ್ಲಿ ಇನ್ನೂ ಮುಗಿದಿಲ್ಲ.

ಇಂದಿನ ಸ್ಥಿತಿ

ಅಪ್ಪಟ ಗ್ರೈಮ್‌ನ ಉಚ್ಛ್ರಾಯ ಕಾಲ ಕಳೆದಿದೆ ಎನ್ನಬೇಕು. ಹೊಸ ಹುಡುಗರು ಡ್ರಿಲ್‌ನತ್ತ, ಆಫ್ರಿಕನ್ ಲಯಗಳ ಬೆರಕೆಯತ್ತ ಸರಿದಿದ್ದಾರೆ. ಆದರೆ ಅದು ಒಡೆದ ದಾರಿಯಲ್ಲೇ ಬ್ರಿಟಿಷ್ ರ‍್ಯಾಪ್ ಗಟ್ಟಿಯಾಗಿ ನಡೆಯುತ್ತಿದೆ. ಮನೋವೈದ್ಯರ ಮುಂದೆ ಕುಳಿತು ಮಾತಾಡುವ ರೀತಿಯಲ್ಲಿ ಹೆಣೆದ ‘ಸೈಕೊಡ್ರಾಮಾ’ಕ್ಕೆ ಡೇವ್ ಎಂಬ ತರುಣನಿಗೆ 2019ರಲ್ಲಿ, ಲಿಟಲ್ ಸಿಮ್ಝ್ ಎಂಬ ತರುಣಿಗೆ 2022ರಲ್ಲಿ ಮರ್ಕ್ಯುರಿ ಬಂತು. 2025ರ ಆರಂಭದಲ್ಲಿ ಸೆಂಟ್ರಲ್ ಸೀಯ ಆಲ್ಬಮ್ ಬ್ರಿಟನ್ನಿನ ಪಟ್ಟಿಯ ತುದಿಗೇರಿತು.

ಕೊರಗು ಬೇರೆ ಇದೆ. ಲಿಟಲ್ ಸಿಮ್ಝ್ ಬೆಳೆದದ್ದು ಇಸ್ಲಿಂಗ್‌ಟನ್ನಿನ ಒಂದು ಯುವಜನ ಕೇಂದ್ರದಲ್ಲಿ. ಸಂಜೆ ಹೊತ್ತು ಮಕ್ಕಳು ಹಾಡಿ ಕುಣಿಯಬಹುದಾದ ಅಂಥ ಅನೇಕ ಕೇಂದ್ರಗಳು 2010ರ ನಂತರದ ಸರ್ಕಾರಿ ವೆಚ್ಚಕಡಿತದಲ್ಲಿ ಮುಚ್ಚಿಹೋದವು. ಮುಂದಿನ ಸಿಮ್ಝ್ ಎಲ್ಲಿ ಕಲಿಯಬೇಕು?

ಪಾಲಕರಲ್ಲಿ ನನ್ನದೊಂದು ವಿನಂತಿ. ಮಗ ಅಥವಾ ಮಗಳು ಇಯರ್‌ಫೋನ್ ಹಾಕಿಕೊಂಡು ತಲೆ ಆಡಿಸುತ್ತಿದ್ದರೆ ಗದರುವ ಮೊದಲು ಒಂದು ಕಿವಿಯದನ್ನು ಇಸಿದುಕೊಂಡು ಕೇಳಿ. ಹಿಡಿಸದಿದ್ದರೆ ಹಿಡಿಸಲಿಲ್ಲ ಎನ್ನಿ, ಯಾಕೆಂದೂ ಹೇಳಿ. ವಿದ್ಯಾರ್ಥಿಗಳೇ, ತಾಳ ಹಾಕುವ ಬೆರಳಿಗೆ ಲೆಕ್ಕವೂ ಬರಲಿ. 64 ಬಡಿತಕ್ಕೆ ಎಷ್ಟು ಸೆಕೆಂಡು ಎಂದು ಗುಣಿಸುವವನು ಹಾಡುಗಾರನೂ ಆಗಬಲ್ಲ, ಎಂಜಿನಿಯರನೂ ಆಗಬಲ್ಲ.

ನಾನಂತೂ ಈಗ ಶಬ್ದದ ಪಾಠವನ್ನು ಬೆಂಚು ಬಡಿಯುವುದರಿಂದಲೇ ಆರಂಭಿಸುತ್ತೇನೆ. ಯಾರು ಚೆನ್ನಾಗಿ ಬಡಿಯುತ್ತಾರೋ ಅವರನ್ನು ಮುಂದೆ ಕರೆಯುತ್ತೇನೆ. ಪಕ್ಕದ ತರಗತಿಯ ಮೇಡಂ ಒಂದೆರಡು ಸಲ ಬಂದು ಬಾಗಿಲಲ್ಲಿ ನಿಂತದ್ದುಂಟು. ಕಂಪಾಸ್ ಬಾಕ್ಸಿನ ಆ ಹುಡುಗ ಈಗ ಎಲ್ಲಿದ್ದಾನೋ ಗೊತ್ತಿಲ್ಲ. ಈ ಲೇಖನ ಅವನ ಕಣ್ಣಿಗೆ ಬಿದ್ದರೆ, ಮೇಷ್ಟರು ತಪ್ಪೊಪ್ಪಿಕೊಂಡರು ಎಂದು ತಿಳಿಯಲಿ.