ಪರಭಾಷೆಯ ಕಲಿಕೆಯೂ ಗಣಕಯಂತ್ರವೂ

ಪರಭಾಷೆಯೊಂದನ್ನು ಕಲಿಯಬೇಕಾದವನು ಆ ಭಾಷೆಯನ್ನಾಡುವ ಜನರ ನಡುವೆ ಹೋಗಿ ಬಾಳಬೇಕಾಗಿದ್ದ ಕಾಲವೊಂದಿತ್ತು. ನಮ್ಮ ಗುಬ್ಬಿಯೇ ಇದಕ್ಕೆ ಸಾಕ್ಷಿ. 1830ರ ದಶಕದ ಕೊನೆಯಲ್ಲಿ ಅಲ್ಲಿದ್ದ ವೆಸ್ಲಿಯನ್ ಪಾದ್ರಿ ಥಾಮಸ್ ಹಾಡ್ಸನ್ ಅವರು ಕನ್ನಡಿಗರ ನಡುವೆ ಬಾಳಿ ಕನ್ನಡವನ್ನು ತಮ್ಮದಾಗಿಸಿಕೊಂಡರು. ಮುಂದೆ ಇಂಗ್ಲಿಷರಿಗಾಗಿ ಕನ್ನಡ ವ್ಯಾಕರಣವೊಂದನ್ನೂ ಬರೆದರು. ಇಂದು ಅದೇ ಗುಬ್ಬಿ ತಾಲ್ಲೂಕಿನ ಹಳ್ಳಿಯೊಂದರಿಂದ ರೈಲಿನಲ್ಲಿ ತುಮಕೂರಿಗೆ ಬರುವ ನಾನು, ಕೂತಲ್ಲಿಯೇ ಜಪಾನೀ ಭಾಷೆಯ ಪಾಠ ಕೇಳುತ್ತೇನೆ. ಜೇಬಿನಲ್ಲಿರುವ ಮೊಬೈಲೂ ಒಂದು ಗಣಕಯಂತ್ರವೇ ಅಲ್ಲವೆ?

ಕಾಲೇಜಿನ ಮೆಟ್ಟಿಲು ಹತ್ತಿದವರೇ ಇಲ್ಲದ ಮನೆಯ ಹುಡುಗನಿಗೆ ಜಪಾನೀ ಏಕೆ ಎಂದು ಕೆಲವರು ಕೇಳಿಯಾರು. "ಇಂಗ್ಲೀಷೇ ನೆಟ್ಟಗೆ ಬರಲ್ಲ, ಇದ್ಯಾವ್ದಪ್ಪ ಇನ್ನೊಂದು?" ಎಂದು ನಮ್ಮ ತಂದೆಯವರೂ ಕೇಳಿದರು. ತುಮಕೂರಿನ ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಜಪಾನೀ ಉದ್ಯಮಗಳಿಗೆಂದು ಜಾಗ ಗೊತ್ತುಮಾಡಿರುವುದನ್ನು ಅವರಿಗೆ ಹೇಳಿದೆ. ಬಿ.ಎ. ಮಾಡಿದವನಿಗೂ ಅಲ್ಲೊಂದು ಬಾಗಿಲು ತೆರೆದೀತೆಂಬ ಆಸೆ ನನ್ನದು.

ಯಂತ್ರದಿಂದ ಪಾಠ ಹೇಳಿಸುವ ಯೋಚನೆ ಹೊಸದೇನಲ್ಲ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾನಿಲಯದಲ್ಲಿ 1960ರಲ್ಲಿಯೇ 'ಪ್ಲೇಟೋ' ಎಂಬ ಬೋಧನಾ ಗಣಕವ್ಯವಸ್ಥೆ ಆರಂಭವಾಯಿತು. ಕಾಲಕ್ರಮದಲ್ಲಿ ಪರಭಾಷಾ ಪಾಠಗಳೂ ಅದರಲ್ಲಿ ಸೇರಿದವು. ಈಗ ಅಂತರಜಾಲದಿಂದ ಆ ಸೌಕರ್ಯ ಮನೆಬಾಗಿಲಿಗೆ ಬಂದಿದೆ. ಜಪಾನ್ ಫೌಂಡೇಷನ್ 2016ರಲ್ಲಿ ತೆರೆದ 'ಮಿನಾತೊ' ಎಂಬ ಜಾಲಶಾಲೆಯಲ್ಲಿ ಶುಲ್ಕವಿಲ್ಲದೆ ಸ್ವಯಂ ಕಲಿಯಬಹುದು. ಜರ್ಮನ್ ಭಾಷೆಗೆ ಡಾಯ್ಚ ವೆಲ್ಲೆ ಪ್ರಸಾರಸಂಸ್ಥೆಯ ಪಾಠಗಳಿವೆ.

ಯಂತ್ರದ ದೊಡ್ಡ ಗುಣವೆಂದರೆ ಬೇಸರವಿಲ್ಲದ ತಾಳ್ಮೆ. ಜರ್ಮನ್ ವಿದ್ವಾಂಸ ಎಬ್ಬಿಂಗ್‌ಹೌಸ್ ತನ್ನ ಮರೆವನ್ನು ತಾನೇ ಅಳೆದು, 1885ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದನು: ಕಲಿತದ್ದು ಮೊದಲು ಬೇಗ ಬೇಗ ಮರೆಯುತ್ತದೆ, ಅನಂತರ ನಿಧಾನವಾಗಿ. ಆದುದರಿಂದ ಒಂದು ಪದವನ್ನು ಇಂದು, ನಾಳೆ, ನಾಲ್ಕು ದಿನ ಬಿಟ್ಟು, ಹತ್ತು ದಿನ ಬಿಟ್ಟು ಹೀಗೆ ಅಂತರ ಹೆಚ್ಚಿಸುತ್ತ ಕೇಳಿದರೆ ಅದು ಮನಸ್ಸಿನಲ್ಲಿ ನಿಲ್ಲುತ್ತದೆ. ಅರುವತ್ತು ಮಂದಿಯ ತರಗತಿಯಲ್ಲಿ ಯಾವ ಗುರುಗಳು ತಾನೇ ಒಬ್ಬೊಬ್ಬರ ಮರೆವಿನ ಲೆಕ್ಕ ಇಟ್ಟಾರು? ಯಂತ್ರ ಇಡುತ್ತದೆ.

ಆದರೆ ಪಾಠದ ವಿವರಣೆಯೆಲ್ಲ ನಮಗೆ ದೊರೆತದ್ದು ಇಂಗ್ಲಿಷಿನಲ್ಲಿ. ಕುಣಿಗಲಿನಿಂದ ಬಸ್ಸಿನಲ್ಲಿ ಬರುವ ನನ್ನ ಗೆಳೆಯನು ಇದರಿಂದಲೇ ಎರಡನೆಯ ವಾರಕ್ಕೆ ಕಲಿಕೆಯನ್ನು ಬಿಟ್ಟನು. ಅವನಿಗೆ ಕಷ್ಟವಾದದ್ದು ಜಪಾನೀ ಅಲ್ಲ, ನಡುವೆ ನಿಂತ ಇಂಗ್ಲಿಷು. ಆಗ ನಾನು ಪಾಠಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದುಕೊಡಲು ತೊಡಗಿದೆ. ಬರೆಯುತ್ತಿದ್ದಂತೆ ನನಗೇ ಆಶ್ಚರ್ಯವಾಯಿತು. ಅವರ ಅಕ್ಷರಮಾಲೆ ಅ, ಇ, ಉ, ಎ, ಒ ಎಂದು ಮೊದಲಾಗಿ ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತದೆ. ಬೌದ್ಧಧರ್ಮದೊಡನೆ ಅಲ್ಲಿಗೆ ತಲುಪಿದ ಸಂಸ್ಕೃತ ವರ್ಣಮಾಲೆಯ ಪ್ರಭಾವವಿದು. 'ಒಬಸನ್' ಎಂದರೆ ಅತ್ತೆ ಅಥವಾ ಚಿಕ್ಕಮ್ಮ, 'ಒಬಾಸನ್' ಎಂದರೆ ಅಜ್ಜಿ. ಇಂಗ್ಲಿಷ್ ಅಕ್ಷರಗಳಲ್ಲಿ ಅನೇಕ ವೇಳೆ ಎರಡೂ ಒಂದೇ ಆಗಿ ಕಾಣುತ್ತವೆ. ನಮ್ಮ ದೀರ್ಘ ಅದನ್ನು ಒಡನೆ ತಿಳಿಸುತ್ತದೆ. 'ಗುಬ್ಬಿ ಕರ ಕಿಮಶಿತ' ಎಂದರೆ 'ಗುಬ್ಬಿಯಿಂದ ಬಂದೆ'. 'ಕರ' ಎಂಬುದು ನಮ್ಮ 'ಇಂದ' ಪ್ರತ್ಯಯದಂತೆ ಹೆಸರಿನ ಹಿಂದೆ ಬರುತ್ತದೆ, ಕ್ರಿಯಾಪದ ಕೊನೆಗೆ. ಕನ್ನಡಿಗನಿಗೆ ನೇರವಾಗಿರುವ ದಾರಿಯನ್ನು ಇಂಗ್ಲಿಷಿನ ಮೂಲಕ ಸುತ್ತಿ ಹೋಗುವುದೇಕೆ? ಗೆಳೆಯನು ಮತ್ತೆ ಕಲಿಯಲು ಬಂದನು.

ಇಷ್ಟಾದರೂ ಯಂತ್ರದಿಂದ ಆಗದ ಕೆಲಸವೊಂದಿದೆ. ಅದನ್ನು ನಾನು ತಲೆತಗ್ಗಿಸಿ ಕಲಿತೆ. ಆರು ತಿಂಗಳ ಅಭ್ಯಾಸವಾದ ಮೇಲೆ ತರಬೇತಿಯೊಂದರ ಸಂದರ್ಶನಕ್ಕೆ ಹೋಗಿದ್ದೆ. ಜಪಾನೀ ಬಲ್ಲ ಅಧಿಕಾರಿಯೊಬ್ಬರು ನಗುತ್ತ, 'ದೊಕೊ ಕರ ಕಿಮಶಿತ ಕ?', ಅಂದರೆ 'ಎಲ್ಲಿಂದ ಬಂದಿರಿ?' ಎಂದು ಕೇಳಿದರು. ಯಂತ್ರದೆದುರು ನೂರು ಸಲ ಸರಿಯಾಗಿ ಉತ್ತರಿಸಿದ್ದ ಪ್ರಶ್ನೆ! ಮನುಷ್ಯನ ಮುಖ ಕಂಡೊಡನೆ ನಾಲಗೆ ಏಳಲಿಲ್ಲ. ಗುಬ್ಬಿಯ ಹೆಸರೂ ಬಾಯಿಗೆ ಬರಲಿಲ್ಲ. ಆ ಅವಕಾಶ ನನಗೆ ತಪ್ಪಿತು. ಜಪಾನೀ ಭಾಷಾ ಸಾಮರ್ಥ್ಯ ಪರೀಕ್ಷೆಯಲ್ಲಿಯೂ ಪದ, ವ್ಯಾಕರಣ, ಓದು, ಆಲಿಸುವಿಕೆಗಳಿಗೆ ಅಂಕವಿದೆ, ಮಾತಿಗೆ ಇಲ್ಲ. ಪರೀಕ್ಷೆಯನ್ನು ನಂಬಿ ಕುಳಿತರೂ ನಾವು ಮೂಕರಾಗಿಯೇ ಉಳಿಯಬಹುದು.

ಹಾಡ್ತಾ ಹಾಡ್ತಾ ರಾಗ ಎಂದು ಹಿರಿಯರು ಹೇಳಿದ್ದು ಸುಳ್ಳಲ್ಲ. ಈಗ ನಾನೂ ಕುಣಿಗಲಿನ ಗೆಳೆಯನೂ ದಿನವೂ ಊಟದ ಬಿಡುವಿನಲ್ಲಿ ಕಾಲು ಗಂಟೆ ಮುಖಾಮುಖಿಯಾಗಿ ಜಪಾನೀ ಮಾತನಾಡುತ್ತೇವೆ. ಆಚೀಚೆಯವರು ನಗುತ್ತಾರೆ, ನಗಲಿ. ಗುರುಗಳಲ್ಲಿ ನನ್ನದೊಂದು ವಿನಂತಿ: ವಾರಕ್ಕೊಂದು ಸಂಜೆ ಗಣಕಯಂತ್ರದ ಕೊಠಡಿ ನಮಗೆ ತೆರೆದಿರಲಿ. ಅರ್ಧ ಗಂಟೆ ಯಂತ್ರದೊಡನೆ, ಅರ್ಧ ಗಂಟೆ ಒಬ್ಬರೊಡನೊಬ್ಬರು ಕಲಿಯುತ್ತೇವೆ. ನಾನು ಈ ವರ್ಷ ಕಾಲೇಜು ಬಿಡುತ್ತೇನೆ. ಕನ್ನಡದಲ್ಲಿ ಬರೆದ ಟಿಪ್ಪಣಿಯ ಪುಸ್ತಕವನ್ನು ಕಿರಿಯ ಮಿತ್ರರಿಗಾಗಿ ಗ್ರಂಥಾಲಯದಲ್ಲಿ ಇಟ್ಟು ಹೋಗುವೆನು. ಎಲ್ಲಿಂದ ಬಂದಿರಿ ಎಂದು ಯಾರಾದರೂ ಕೇಳಿದರೆ, ಅವರಾದರೂ ತಡವರಿಸದೆ ತಮ್ಮ ಊರಿನ ಹೆಸರು ಹೇಳುವಂತಾಗಲಿ.