ಒಂದೇ ಗೋಪುರ, ಎರಡು ತರಂಗ

ನೇಪಾಳದ ಮ್ಯಾಗ್ದಿ ಜಿಲ್ಲೆಯ ನಾಂಗಿ ಬೆಟ್ಟದ ಮೇಲಿನ ಹಳ್ಳಿ. ದೂರವಾಣಿ ತಂತಿ ಅಲ್ಲಿಗೆ ತಲುಪಿರಲಿಲ್ಲ. ಅಮೆರಿಕದಲ್ಲಿ ಓದಿ ಊರಿಗೆ ಮರಳಿದ ಶಿಕ್ಷಕ ಮಹಾಬೀರ್ ಪುನ್, ತಮ್ಮ ಶಾಲೆಯ ಮಕ್ಕಳಿಗೆ ಇಂಟರ್‌ನೆಟ್ ಒದಗಿಸಲೇಬೇಕೆಂದು ಹಟ ತೊಟ್ಟರು. 2000ದ ದಶಕದ ಆರಂಭದಲ್ಲಿ ಸ್ವಯಂಸೇವಕರ ನೆರವಿನಿಂದ, ಟಿ.ವಿ. ಡಿಷ್‌ಗಳನ್ನು ಬಳಸಿ, ಮರದ ತುದಿಗೂ ಆಂಟೆನಾ ಕಟ್ಟಿ, ಪೊಖರಾ ನಗರದಿಂದ ನಿಸ್ತಂತು ಸಂಪರ್ಕ ತಂದರು. 2007ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು.

ಇಂಥ ಗೋಪುರಕ್ಕೆ ಎರಡು ಕೆಲಸ. ದೂರದ ಗುಡ್ಡದಿಂದ ಸಂಕೇತ ಪಡೆಯುವುದು ಒಂದು. ಅದನ್ನು ಶಾಲೆ, ಮನೆಗಳಿಗೆ ಹಂಚುವುದು ಇನ್ನೊಂದು. ಒಂದೇ ರೇಡಿಯೊ ಎರಡನ್ನೂ ಮಾಡಿದರೆ, ಅಂಚೆ ಚೀಲ ತರುವವನೇ ಮನೆಮನೆಗೆ ಕಾಗದ ಹಂಚಿದಂತೆ. ವೇಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಎರಡು ಬ್ಯಾಂಡ್‌ಗಳ ಸಾಧನ ಬೇಕಾಗುವುದು ಇಲ್ಲಿಯೇ.

2.4 ಗಿಗಾಹರ್ಟ್ಸ್ ಅಲೆಯ ಉದ್ದ ಸುಮಾರು 12 ಸೆಂಟಿಮೀಟರ್. ಗೋಡೆ, ಎಲೆಗಳನ್ನು ಅದು ಕೊಂಚ ಸುಲಭವಾಗಿ ದಾಟುತ್ತದೆ. ಆದರೆ ಅಲ್ಲಿ ಜನಜಂಗುಳಿ. ಬ್ಲೂಟೂತ್, ಮೈಕ್ರೋವೇವ್ ಒಲೆಗಳೂ ಅದೇ ಹಾದಿಯಲ್ಲಿವೆ. ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಎಂಬ ಮೂರೇ. 5 ಗಿಗಾಹರ್ಟ್ಸ್‌ನಲ್ಲಿ ಚಾನೆಲ್ ಹೆಚ್ಚು, ವೇಗವೂ ಹೆಚ್ಚು. ಆದರೆ ಗಳಿಕೆ ಸಮನಾದ ಆಂಟೆನಾಗಳಿದ್ದರೆ, 5.8 ಗಿಗಾಹರ್ಟ್ಸ್‌ನಲ್ಲಿ ತಲುಪುವ ಶಕ್ತಿ 2.4ರ ಆರನೇ ಒಂದು ಪಾಲು ಮಾತ್ರ. ಡಿಷ್ ಆಂಟೆನಾ ಈ ಕೊರತೆ ನೀಗಿಸುತ್ತದೆ: ಅದೇ ಗಾತ್ರದ ಡಿಷ್, ಕಿರಿದಾದ ಅಲೆಯನ್ನು ಇನ್ನಷ್ಟು ಒತ್ತಾಗಿ ಒಂದೆಡೆಗೆ ಕಳಿಸುತ್ತದೆ.

ಆದ್ದರಿಂದ ಗುಡ್ಡದಿಂದ ಗುಡ್ಡಕ್ಕೆ 5 ಗಿಗಾಹರ್ಟ್ಸ್, ಊರೊಳಗಿನ ಹಂಚಿಕೆಗೆ 2.4 ಎಂಬುದು ಒಳ್ಳೆಯ ವಿಭಜನೆ. ಮನೆಗಳು ಗೋಪುರಕ್ಕೆ ನೇರವಾಗಿ ಕಾಣುವಂತಿದ್ದರೆ ಹಂಚಿಕೆಗೂ 5 ಸಾಕು.

ಕೊಳ್ಳುವಾಗ ಒಂದು ಎಚ್ಚರ. ಪೆಟ್ಟಿಗೆಯ ಮೇಲೆ ‘ಡ್ಯುಯಲ್ ಬ್ಯಾಂಡ್’ ಎಂದಿದ್ದ ಮಾತ್ರಕ್ಕೆ ಒಳಗೆ ಎರಡು ರೇಡಿಯೊಗಳಿವೆ ಎಂದಲ್ಲ. ಕೆಲವು ಸಾಧನಗಳಲ್ಲಿ ಇರುವುದು ಒಂದೇ. ಅದು ಒಮ್ಮೆಗೆ ಒಂದು ಬ್ಯಾಂಡ್‌ನಲ್ಲಷ್ಟೇ ದುಡಿಯುತ್ತದೆ. ಎರಡೂ ಏಕಕಾಲಕ್ಕೆ ನಡೆಯುವವೇ, ಹೊರಗಿನ ಆಂಟೆನಾ ಜೋಡಿಸಬಹುದೇ, ಮಳೆ ತಡೆಯುವುದೇ, ಸೌರಫಲಕಕ್ಕೆ ಹೊರೆಯಾಗದಷ್ಟು ಕಡಿಮೆ ವಿದ್ಯುತ್ ಸಾಕೇ ಎಂದು ಕೇಳಬೇಕು. ಸಿಡಿಲಿನಿಂದ ರಕ್ಷಣೆ ಇಲ್ಲದ ಗೋಪುರ ಒಂದೇ ಮಳೆಗಾಲದಲ್ಲಿ ಹಣವನ್ನೆಲ್ಲ ಸುಟ್ಟೀತು.

ಭಾರತ 2005ರಲ್ಲಿ 2.4 ಗಿಗಾಹರ್ಟ್ಸ್ ಅನ್ನೂ, 2018ರಲ್ಲಿ 5 ಗಿಗಾಹರ್ಟ್ಸ್‌ನ ದೊಡ್ಡ ಭಾಗವನ್ನೂ ಪರವಾನಗಿಯಿಲ್ಲದ ಬಳಕೆಗೆ ತೆರೆಯಿತು. ಹಾಗೆಂದು ಮಿತಿ ಮೀರಿದ ಶಕ್ತಿಯಲ್ಲಿ ಪ್ರಸಾರ ಮಾಡುವಂತಿಲ್ಲ.

ಅಲೆಯ ವೇಗವೆಂದರೆ ಕಂಪನಾಂಕ ಮತ್ತು ತರಂಗದ ಉದ್ದದ ಗುಣಲಬ್ಧ. ಪರೀಕ್ಷೆಗಾಗಿ ಉರುಹೊಡೆದ ಈ ಸೂತ್ರ ಗುಡ್ಡದ ತಲೆಯ ಮೇಲೆ ನಿಂತಾಗ ಊರಿನ ಹಣ ಉಳಿಸುತ್ತದೆ. ಮಕ್ಕಳು ಎಲೆ ತುಂಬಿದ ಕಾಲದಲ್ಲಿ ಹಾದಿ ನೋಡಿ ಬಂದು, ಲೆಕ್ಕ ಹಾಕಲಿ. ಹಿರಿಯರು ಆಮೇಲೆ ಅಂಗಡಿಗೆ ಹೋಗಲಿ.